ಗೂಡಲೂರಿನಿಂದ ದುಬೈಗೆ: ವಿಮಾನಕ್ಕೆ ನಾಲ್ಕು ಗಂಟೆ, ಉಳಿದದ್ದು ಘಾಟಿಯ ಲೆಕ್ಕ

ನೀಲಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಊಟಿ, ಗೂಡಲೂರು, ಮಸಿನಗುಡಿ, ಎಲ್ಲಿಂದ ಗಲ್ಫ್‌ಗೆ ಹೊರಟರೂ ಮೊದಲು ಜಿಲ್ಲೆ ದಾಟಿ ಕೆಳಗೆ ಬರಬೇಕು. ಮೊಬೈಲ್‌ನಲ್ಲಿ 'ಊಟಿ–ದುಬೈ ದೂರ' ಅಂತ ಹುಡುಕಿದರೆ ಸಿಗುವುದು ಹಕ್ಕಿ ಹಾರುವ ದೂರ. ಅದನ್ನು ನಂಬಿ ಟಿಕೆಟ್ ಮಾಡಿದರೆ ವಿಮಾನ ತಪ್ಪುವುದು ಗ್ಯಾರಂಟಿ.

ಗೂಡಲೂರಿನವರಿಗೆ ಅನುಕೂಲ ಕೋಝಿಕ್ಕೋಡ್‌ನ ಕರಿಪ್ಪೂರು ನಿಲ್ದಾಣ. ನೇರ ಗೆರೆ ಎಳೆದರೆ 70 ಕಿ.ಮೀ. ಆಸುಪಾಸು. ನಾಡುಕಾಣಿ ಘಾಟಿ ಇಳಿದು ನಿಲಂಬೂರು, ಮಂಜೇರಿ ಮೂಲಕ ಹೋಗುವಾಗ ಸುಮಾರು 100 ಕಿ.ಮೀ., ಮೂರು ಗಂಟೆ ಹಿಡಿಯಿರಿ. ಮಳೆಗಾಲದಲ್ಲಿ ಇನ್ನೂ ಒಂದು ಗಂಟೆ ಕೈಯಲ್ಲಿರಲಿ. ಊಟಿ, ಕೂನೂರು ಕಡೆಯವರು ಮೇಟುಪಾಳಯದ ಮೂಲಕ ಕೊಯಮತ್ತೂರಿಗೆ ಹೋಗುವುದೇ ವಾಸಿ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ವಿದೇಶಕ್ಕೆ ವಿಮಾನ ಇಲ್ಲ.

ಆಕಾಶದ ಲೆಕ್ಕ ಸುಲಭ. ಕೋಝಿಕ್ಕೋಡ್‌ನಿಂದ ದುಬೈಗೆ ಸುಮಾರು 2,670 ಕಿ.ಮೀ., ಹೆಚ್ಚುಕಡಿಮೆ ನಾಲ್ಕು ಗಂಟೆ. ಕೊಯಮತ್ತೂರು–ಶಾರ್ಜಾ 2,770 ಕಿ.ಮೀ. ನಮ್ಮ ಮಂಗಳೂರಿನಿಂದ ದುಬೈಗೆ 2,460 ಕಿ.ಮೀ. ಕೋಝಿಕ್ಕೋಡ್–ಜಿದ್ದಾ ಮಾತ್ರ ದೂರ, ಸುಮಾರು 4,080 ಕಿ.ಮೀ.; ಐದೂವರೆಯಿಂದ ಆರು ಗಂಟೆ ಬೇಕು. ಯುಎಇ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದ್ದು ಎರಡೂವರೆ ಗಂಟೆ ಹಿಂದೆ. ಹಾಗಾಗಿ ಬೆಳಗ್ಗೆ 10ಕ್ಕೆ ಹೊರಟ ವಿಮಾನ ದುಬೈಯಲ್ಲಿ ಇಳಿಯುವುದು ಅಲ್ಲಿನ 12.30ಕ್ಕೆ. ಅಲ್ಲಿ ರಾತ್ರಿ 10ಕ್ಕೆ ಹತ್ತಿದವರು ಇಲ್ಲಿ ಇಳಿಯುವಾಗ ಬೆಳಗಿನ ಜಾವ 3.30.

ಜನ ಎಡವುವುದು ಬೆಂಗಳೂರಿನಿಂದ ಟಿಕೆಟ್ ಮಾಡಿದಾಗ. ಟಿಕೆಟ್ ಕೆಲವೊಮ್ಮೆ ಅಗ್ಗ ಸಿಗುತ್ತದೆ, ನಿಜ. ಆದರೆ ಗೂಡಲೂರು–ಗುಂಡ್ಲುಪೇಟೆ ರಸ್ತೆ ಮುದುಮಲೆ, ಬಂಡೀಪುರ ಕಾಡಿನೊಳಗೆ ಹೋಗುತ್ತದೆ. ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಈಗ ನೋಡಿ: ಬೆಂಗಳೂರಿನಿಂದ ಬೆಳಗ್ಗೆ 9ಕ್ಕೆ ವಿಮಾನ, 6ಕ್ಕೆ ನಿಲ್ದಾಣದಲ್ಲಿರಬೇಕು, ದಾರಿ ಏಳು ಗಂಟೆ. ರಾತ್ರಿ 11ಕ್ಕೆ ಮನೆ ಬಿಟ್ಟರೆ ಸಾಕು ಅಂತ ಲೆಕ್ಕ ಹಾಕುತ್ತೀರಿ. ಆ ಹೊತ್ತಿಗೆ ಗೇಟು ಹಾಕಿ ಎರಡು ಗಂಟೆ ಆಗಿರುತ್ತದೆ! ಸಂಜೆ 7ರೊಳಗೆ ಹೊರಟು, ಮಧ್ಯರಾತ್ರಿ ಕಳೆದು ತಲುಪಿ, ನಿಲ್ದಾಣದಲ್ಲೇ ಕೂರಬೇಕು. ವೀಸಾದ ಕೊನೆಯ ದಿನ ಹೊರಡುವವರಿಗೆ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ಮರಣವಾಗಿ ಓಡಿ ಬರುವವರಿಗೂ ಅಷ್ಟೆ: ಆಂಬುಲೆನ್ಸ್‌ಗೆ ಆ ಗೇಟು ತೆರೆಯುತ್ತದೆ, ಟ್ಯಾಕ್ಸಿಗೆ ತೆರೆಯುವುದಿಲ್ಲ. ಅಂಥ ಹೊತ್ತಲ್ಲಿ ನೂರಿನ್ನೂರು ದಿರ್ಹಂ ಹೆಚ್ಚಾದರೂ ಕರಿಪ್ಪೂರಿಗೇ ಟಿಕೆಟ್ ನೋಡಿ. ನಾಡುಕಾಣಿ ದಾರಿಯಲ್ಲಿ ಬಂಡೀಪುರದ ಗೇಟು ಸಿಗುವುದಿಲ್ಲ.

ಮೈಸೂರಿನಿಂದ ಊಟಿಗೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಮಸಿನಗುಡಿ ಮೇಲೆ, ಸುಮಾರು 125 ಕಿ.ಮೀ. ಅದರಲ್ಲಿ ಕಲ್ಲಟ್ಟಿ ಘಾಟಿಯ 36 ತಿರುವುಗಳಿವೆ. ಊಟಿಯಿಂದ ಇಳಿಯುವಾಗ ಹೊರಗಿನ ಗಾಡಿಗಳನ್ನು ಆ ದಾರಿಗೆ ಬಿಡುವುದಿಲ್ಲ, ಗೂಡಲೂರು ಸುತ್ತಿಯೇ ಬರಬೇಕು.

ಸಂಬಂಧಿಕರನ್ನು ಕರೆತರಲು ಮಂಗಳೂರು ಕಡೆಯಿಂದ ಕಾರು ತೆಗೆದುಕೊಂಡು ಹೋಗುವವರು ಇ-ಪಾಸ್ ಮರೆಯಬೇಡಿ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಅದು ಬೇಕು. ಟಿಎನ್ 43 ನಂಬರಿನ ಸ್ಥಳೀಯ ಗಾಡಿಗಳಿಗೆ, ಸರ್ಕಾರಿ ಬಸ್ಸಿಗೆ ಬೇಡ.