ಪ್ರಷ್ಯನ್ ನೀಲಿಯ ಪೂರ್ವೋತ್ತರ

ಹದಿನೆಂಟನೆಯ ಶತಮಾನದ ಆದಿಯಲ್ಲಿ, 1706ರ ಸುಮಾರಿಗೆ, ಬರ್ಲಿನ್ ನಗರದ ವರ್ಣಕಾರನಾದ ಡೀಸ್‌ಬಾಖನು ಕೊಚಿನೀಲ್ ಕೀಟದ ಕಷಾಯಕ್ಕೆ ಪಟಿಕವನ್ನೂ ಅನ್ನಭೇದಿಯನ್ನೂ ಬೆರೆಸಿ, ಕ್ಷಾರವನ್ನೆರೆದು ಕೆಂಬಣ್ಣವನ್ನು ಇಳಿಸಲು ತೊಡಗಿದ್ದನು. ಆ ಕ್ಷಾರವು ಡಿಪ್ಪೆಲ್ ಎಂಬ ರಸವಾದಿಯಿಂದ ಪಡೆದುದಾಗಿದ್ದು, ಪ್ರಾಣಿಜನ್ಯ ತೈಲದ ಕಲ್ಮಷ ಅದರಲ್ಲಿ ಸೇರಿದ್ದುದರಿಂದ, ಕೆಂಪು ಮೂಡಬೇಕಾದಲ್ಲಿ ಗಾಢವಾದ ನೀಲಿ ತಳಕ್ಕಿಳಿಯಿತೆಂದು ರಸಾಯನಜ್ಞ ಸ್ಟಾಲನು 1731ರಲ್ಲಿ ಬರೆದಿಟ್ಟಿದ್ದಾನೆ. ಲಾಜವರ್ದದ ದುಬಾರಿ ನೀಲಿಯನ್ನೇ ಆಶ್ರಯಿಸಿದ್ದ ಚಿತ್ರಕಾರರಿಗೆ ಇದು ವರವಾಯಿತು. ಇದರ ತಯಾರಿಕೆಯ ಗುಟ್ಟು ಮಾತ್ರ 1724ರಲ್ಲಿ ಲಂಡನ್ನಿನ ವುಡ್‌ವರ್ಡನು ಪ್ರಕಟಿಸುವವರೆಗೂ ಹೊರಬೀಳಲಿಲ್ಲ.

ಬಣ್ಣವನ್ನು ಬಲ್ಲವರು ಅದರ ಅಂತರಂಗವನ್ನು ಅರಿಯಲು ಎರಡು ಶತಮಾನಗಳೇ ಬೇಕಾದುವು. 1893ರಲ್ಲಿ ಆಲ್ಫ್ರೆಡ್ ವರ್ನರನು ಲೋಹದ ಪರಮಾಣುವಿನ ಸುತ್ತ ಅನ್ಯ ಅಣುಗಳು ನಿಯತವಾದ ದಿಕ್ಕುಗಳಲ್ಲಿ ನೆಲೆಗೊಳ್ಳುವ ಬಗೆಯನ್ನು ವಿವರಿಸಿದನು. 1936ರಲ್ಲಿ ಕೆಗಿನ್ ಮತ್ತು ಮೈಲ್ಸ್ ಕ್ಷಕಿರಣಗಳ ನೆರವಿನಿಂದ, ಕಬ್ಬಿಣದ ಪರಮಾಣುಗಳು ಸಯನೈಡಿನ ಸೇತುವೆಗಳಿಂದ ಬೆಸೆದು ಮೂರು ಆಯಾಮಗಳಲ್ಲಿಯೂ ಹಬ್ಬಿರುವುದನ್ನು ತೋರಿದರು. ಇಂದು ಸಮನ್ವಯ ಪಾಲಿಮರ್ ಎಂದು ಕರೆಯುವ ಪದಾರ್ಥವರ್ಗದಲ್ಲಿ ಮನುಷ್ಯನು ಸಿದ್ಧಪಡಿಸಿದ ಅತಿ ಪ್ರಾಚೀನವಾದುವುಗಳಲ್ಲಿ ಈ ನೀಲಿಯೂ ಒಂದು.

ಇತ್ತ 1856ರಲ್ಲಿ ಹದಿನೆಂಟರ ತರುಣ ಪರ್ಕಿನ್ ಕೃತಕವಾದ ಮಾವ್ ಬಣ್ಣವನ್ನು ಪಡೆದಮೇಲೆ ಯೂರೋಪಿನಲ್ಲಿ ವರ್ಣೋದ್ಯಮ ಬೆಳೆಯಿತು. 1864ರ ವೇಳೆಗೆ ಬಾಸೆಲ್ ನಗರದಲ್ಲಿ ಫ್ಯೂಕ್ಸಿನ್ ಕಾರ್ಖಾನೆಯ ಪಾಷಾಣವು ಬಾವಿಗಳನ್ನು ಸೇರಿ ಜನರನ್ನು ಪೀಡಿಸಿತು. ಬಿಸಿಲಿಗೂ ಸಾಬೂನಿಗೂ ಬಗ್ಗದಿರಲೆಂದೇ ರೂಪಿಸಿದ ಬಣ್ಣಗಳು ಹೊಳೆಯಲ್ಲಿಯೂ ಬಗ್ಗದೆ ಉಳಿದುದು ಸಹಜವೇ.

ಪರಿಹಾರದ ಬೀಜವು 1894ರಲ್ಲಿ ಕೇಂಬ್ರಿಜ್ಜಿನ ಫೆಂಟನನ ಬರಹದಲ್ಲಿದ್ದಿತು. ಕಬ್ಬಿಣದ ಲವಣವೂ ಹೈಡ್ರೋಜನ್ ಪೆರಾಕ್ಸೈಡೂ ಕೂಡಿದರೆ ಟಾರ್ಟಾರಿಕ್ ಆಮ್ಲವು ಉತ್ಕರ್ಷಿತವಾಗುವುದೆಂದು ಆತ ಕಂಡನು. ಅಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ಕಣವು ಬಣ್ಣದ ಅಣುವನ್ನೂ ಛಿದ್ರಗೊಳಿಸಬಲ್ಲುದು. ಆದರೆ ದ್ರವದಲ್ಲಿ ಕರಗಿದ ಕಬ್ಬಿಣವು ಕೊನೆಗೆ ರಾಶಿರಾಶಿ ಕೆಸರಾಗಿ ಉಳಿಯುವುದು. ಕಬ್ಬಿಣವನ್ನು ಕರಗಗೊಡದೆ ಜಾಲಂಧ್ರದಂತಹ ಘನರಚನೆಯಲ್ಲಿ ಬಂಧಿಸಿಟ್ಟರೆ, ಕೆಲಸವಾದ ಬಳಿಕ ಸೋಸಿ ಮತ್ತೆ ಬಳಸಬಹುದೆಂಬ ಆಲೋಚನೆಯಿಂದ, ಡೀಸ್‌ಬಾಖನ ನೀಲಿಯೂ ಅದರ ಸಜಾತೀಯ ಪದಾರ್ಥಗಳೂ ಪ್ರಯೋಗಶಾಲೆಗಳಲ್ಲಿ ವೇಗವರ್ಧಕಗಳಾಗಿ ಮೆಥಿಲೀನ್ ಬ್ಲೂ, ರೋಡಮೀನ್ ಮೊದಲಾದ ವರ್ಣಗಳನ್ನು ಒಡೆಯತೊಡಗಿದುವು. ಬಣ್ಣವಾಗಿ ಜನಿಸಿದ ವಸ್ತುವೇ ಬಣ್ಣದ ಮಾಲಿನ್ಯಕ್ಕೆ ಮದ್ದಾದುದು ರಸಾಯನಶಾಸ್ತ್ರದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ.

ಆ ಪ್ರೀತಿ ವಿವೇಕವನ್ನು ಮರೆಸಬಾರದು. ನೀರು ತಿಳಿಯಾದ ಮಾತ್ರಕ್ಕೆ ವಿಷ ಅಳಿಯಿತೆನ್ನಲಾಗದು. ಅಜೋ ವರ್ಣಗಳು ಅರೆಬರೆ ಮುರಿದಾಗ ಕೆಲವೊಮ್ಮೆ ಹೆಚ್ಚು ಹಾನಿಕರವಾದ ಅಮೀನುಗಳು ಉಳಿಯುತ್ತವೆ. ಪ್ರಷ್ಯನ್ ನೀಲಿಯಾದರೋ ಪ್ರಬಲವಾದ ಕ್ಷಾರದಲ್ಲಿ ತಾನೇ ಒಡೆಯುವುದು, ಹತ್ತಿಬಟ್ಟೆಯ ಬಣ್ಣಗಾರಿಕೆಯ ನೀರೋ ಬಹುಮಟ್ಟಿಗೆ ಕ್ಷಾರವಾದುದೇ. ಅದರಲ್ಲಿ ಕರಗಿದ ಉಪ್ಪನ್ನಂತೂ ಯಾವ ವೇಗವರ್ಧಕವೂ ತೆಗೆಯದು. ನೊಯ್ಯಲ್ ನದಿ ಕೆಟ್ಟ ಕಾರಣಕ್ಕೆ 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿದಾಗ, ಬಣ್ಣದಷ್ಟೇ ಉಪ್ಪೂ ಅಲ್ಲಿಯ ರೈತರ ದೂರಾಗಿದ್ದಿತು. ಹೊಸ ವೇಗವರ್ಧಕವನ್ನು ಪ್ರಶಂಸಿಸುವವರು, ಬಣ್ಣ ಎಷ್ಟು ಹೋಯಿತೆಂಬುದರ ಜೊತೆಗೆ ನೀರಿನಲ್ಲಿ ಏನುಳಿಯಿತೆಂಬುದನ್ನೂ ಅಳೆದು ಜನರ ಮುಂದಿಡಬೇಕು.