ಅಗ್ಗದ ಲ್ಯಾಪ್‌ಟಾಪ್‌ನ ನಾಲ್ಕು ದಶಕ: ಇಳಿದ ಬೆಲೆ, ಕೈಬಿಟ್ಟ ಭಾಗ

ಕಡಿಮೆ ಹಣದಲ್ಲಿ ಮೊದಲ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ಇಂದು ಅಂಗಡಿಯಲ್ಲಿ ಕಾಣುವ ಆಯ್ಕೆಗಳ ಹಿಂದೆ ನಾಲ್ಕು ದಶಕಗಳಿಗೂ ಮೀರಿದ ಇತಿಹಾಸವಿದೆ. ಹೊತ್ತೊಯ್ಯಬಹುದಾದ ಗಣಕಯಂತ್ರವನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡುವ ಪ್ರಯತ್ನ 1980ರ ದಶಕದ ಆರಂಭದಿಂದಲೂ ನಡೆದುಬಂದಿದ್ದು, ಪ್ರತಿ ಬಾರಿಯೂ ತಯಾರಕರು ಬೆಲೆ ಇಳಿಸುವ ಸಲುವಾಗಿ ಯಂತ್ರದ ಯಾವುದಾದರೊಂದು ಭಾಗವನ್ನು ಕೈಬಿಟ್ಟಿದ್ದಾರೆ, ಇಲ್ಲವೇ ಕುಗ್ಗಿಸಿದ್ದಾರೆ. ಹೀಗೆ ಕೈಬಿಟ್ಟದ್ದು ಏನು, ಆ ಕೊರತೆಯನ್ನು ಕೊಂಡವರು ಮುಂದೆ ತಾವೇ ತುಂಬಿಕೊಳ್ಳಬಹುದಿತ್ತೇ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಈ ಇತಿಹಾಸವನ್ನು ನೋಡಿದರೆ, ಯಾವ ಅಗ್ಗದ ಯಂತ್ರ ಬಾಳಿತು, ಯಾವುದು ಬೇಗನೆ ಮೂಲೆ ಸೇರಿತು ಎಂಬುದಕ್ಕೆ ಕಾರಣ ದೊರೆಯುತ್ತದೆ.

ಬಾಲ್ಯವನ್ನು ತಿರುವಣ್ಣಾಮಲೈಯಲ್ಲಿ ಕಳೆದಿದ್ದ ಆಡಂ ಆಸ್ಬಾರ್ನ್ 1981ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ತಂದ ‘ಆಸ್ಬಾರ್ನ್ 1’ ಯಂತ್ರದ ಬೆಲೆ 1,795 ಡಾಲರ್ ಆಗಿತ್ತು. ಬರವಣಿಗೆಗೆ ಮತ್ತು ಲೆಕ್ಕಪತ್ರಕ್ಕೆ ಬೇಕಾದ ತಂತ್ರಾಂಶಗಳನ್ನೂ ಅದೇ ಬೆಲೆಯಲ್ಲಿ ಸೇರಿಸಿ ಕೊಟ್ಟದ್ದು ಅದರ ದೊಡ್ಡ ಆಕರ್ಷಣೆಯಾಗಿದ್ದರೂ, ಸುಮಾರು 11 ಕಿಲೋ ತೂಕ, ಕೇವಲ 5 ಅಂಗುಲದ ಪರದೆ ಮತ್ತು ಒಳಗೆ ಬ್ಯಾಟರಿಯೇ ಇಲ್ಲದಿರುವುದು ಅದರ ಮಿತಿಗಳಾಗಿದ್ದವು. 1983ರಲ್ಲಿ ಬಂದ ‘ಟಿಆರ್‌ಎಸ್-80 ಮಾಡೆಲ್ 100’ ಬೇರೆಯೇ ದಾರಿ ಹಿಡಿಯಿತು. ಸಾಮಾನ್ಯ ಪೆನ್‌ಸೆಲ್ ಗಾತ್ರದ ನಾಲ್ಕು ಬ್ಯಾಟರಿಗಳಿಂದ ನಡೆಯುತ್ತಿದ್ದ ಆ ಯಂತ್ರದ ಪರದೆಯಲ್ಲಿ ಎಂಟು ಸಾಲುಗಳು ಮಾತ್ರ ಕಾಣುತ್ತಿದ್ದು, ಡಿಸ್ಕ್ ಇರಲಿಲ್ಲವಾದರೂ, ಪೂರ್ಣ ಗಾತ್ರದ ಒಳ್ಳೆಯ ಕೀಲಿಮಣೆ ಮತ್ತು ದೂರವಾಣಿ ತಂತಿಯ ಮೂಲಕ ಬರಹವನ್ನು ಕಳುಹಿಸುವ ಮೋಡೆಮ್ ಎಂಬ ಉಪಕರಣ ಅದರೊಳಗೇ ಇದ್ದವು. ಊರೂರು ಸುತ್ತಿ ಸುದ್ದಿ ಬರೆಯುವ ಪತ್ರಕರ್ತರಿಗೆ ಬೇಕಿದ್ದುದು ಇವೆರಡೇ ಆಗಿದ್ದರಿಂದ, ಉಳಿದೆಲ್ಲ ಕೊರತೆಗಳ ನಡುವೆಯೂ ಅವರು ಅದನ್ನು ಬಹುಕಾಲ ಬಿಡಲಿಲ್ಲ.

ಭಾರತದಲ್ಲಿ ಆ ಕಾಲಕ್ಕೆ ಇಂಥ ಯಂತ್ರಗಳ ಮಾತೇ ದೂರವಾಗಿತ್ತು, ಏಕೆಂದರೆ ಡಾಲರ್ ಬೆಲೆಯ ಮೇಲೆ ಭಾರೀ ಆಮದು ಸುಂಕವೂ ಸೇರುತ್ತಿತ್ತು. 1984ರ ಗಣಕ ನೀತಿ ಈ ಕಟ್ಟುಪಾಡನ್ನು ಸಡಿಲಿಸತೊಡಗಿತು. ಮಾಹಿತಿ ತಂತ್ರಜ್ಞಾನದ ಸರಕುಗಳ ಮೇಲಿನ ಸುಂಕವನ್ನು ತೆಗೆದುಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿ, 2005ರ ಹೊತ್ತಿಗೆ ಅದನ್ನು ಹಂತಹಂತವಾಗಿ ಜಾರಿಗೊಳಿಸಿತು.

ಈ ನಡುವೆ ಬೆಂಗಳೂರಿನಲ್ಲಿ ಒಂದು ಸ್ವತಂತ್ರ ಪ್ರಯತ್ನ ಮೊದಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಕೂಡಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಮಾದರಿ ರೂಪದಲ್ಲಿ ಪ್ರಕಟವಾಯಿತು. ಸುಮಾರು 9,000 ರೂಪಾಯಿಯ ಗುರಿಯಿಟ್ಟುಕೊಂಡಿದ್ದ, ಅಂಗೈಯಲ್ಲಿ ಹಿಡಿಯುವಂಥ ಈ ಯಂತ್ರ ಉಚಿತವಾಗಿ ಸಿಗುವ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು; ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದಾಗಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು, ತಮ್ಮ ತಮ್ಮ ಮಾಹಿತಿಯನ್ನು ಸ್ಮಾರ್ಟ್‌ಕಾರ್ಡ್ ಎಂಬ ಚಿಕ್ಕ ಬಿಲ್ಲೆಯಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳಬಹುದೆಂಬ ಯೋಚನೆ ಅದರ ಹಿರಿಮೆ. ಆದರೆ 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬರುವಷ್ಟರಲ್ಲಿ ಮೊಬೈಲ್ ಫೋನ್ ಹರಡತೊಡಗಿತ್ತು. ಕೀಲಿಮಣೆಯಿಲ್ಲದ ಆ ಯಂತ್ರ ಪ್ರಬಂಧ ಬರೆಯಬೇಕಾದ, ಪ್ರೋಗ್ರಾಂ ಕಲಿಯಬೇಕಾದ ವಿದ್ಯಾರ್ಥಿಗೆ ಲ್ಯಾಪ್‌ಟಾಪಿನ ಬದಲಿಯಾಗಲೂ ಇಲ್ಲ. ಆದರೂ ಬಡವರ ಭಾಷೆಯನ್ನೂ ಅಗತ್ಯವನ್ನೂ ಮುಂದಿಟ್ಟುಕೊಂಡು ಗಣಕವನ್ನು ಬುಡದಿಂದಲೇ ಮರುಚಿಂತಿಸಿದ ಆ ಸಾಹಸಕ್ಕೆ ಈ ಇತಿಹಾಸದಲ್ಲಿ ಗೌರವದ ಸ್ಥಾನವಿದೆ.

2005ರಲ್ಲಿ ನಿಕೊಲಸ್ ನೆಗ್ರೊಪಾಂಟೆ ಮಕ್ಕಳಿಗಾಗಿ 100 ಡಾಲರ್ ಲ್ಯಾಪ್‌ಟಾಪಿನ ಯೋಜನೆಯನ್ನು ಜಗತ್ತಿನ ಮುಂದಿಟ್ಟರು. ಬಿಸಿಲಿನಲ್ಲೂ ಓದಬಹುದಾದ ಪರದೆ ಇದ್ದ ಆ ಯಂತ್ರವನ್ನು ಭಾರತ ಸರ್ಕಾರ 2006ರಲ್ಲಿ ಒಪ್ಪಲಿಲ್ಲ. 2007ರ ಕೊನೆಗೆ ತಯಾರಾಗಿ ಬಂದಾಗ ಅದರ ಬೆಲೆಯೂ 200 ಡಾಲರ್ ಹತ್ತಿರಕ್ಕೆ ಏರಿತ್ತು. ಅದೇ ವರ್ಷ ತೈವಾನಿನ ಏಸಸ್ ಕಂಪನಿ ‘ಈ ಪಿಸಿ 701’ ಎಂಬ ಪುಟ್ಟ ಲ್ಯಾಪ್‌ಟಾಪನ್ನು ತಂದು ‘ನೆಟ್‌ಬುಕ್’ ಎಂದು ಹೆಸರಾದ ಹೊಸ ವರ್ಗವನ್ನೇ ಬೆಳೆಸಿತು. 2008ರ ಆರಂಭದಲ್ಲಿ ಭಾರತದ ಎಚ್‌ಸಿಎಲ್ ಕೂಡ ‘ಮೈಲೀಪ್’ ಹೆಸರಿನಲ್ಲಿ ಸುಮಾರು 14 ಸಾವಿರ ರೂಪಾಯಿಯಿಂದ ಮೊದಲಾಗುವ ಇಂಥ ಯಂತ್ರಗಳನ್ನು ಮಾರಲು ತೊಡಗಿತು.

ಏಸಸ್‌ನ ‘ಈ ಪಿಸಿ 701’ರ ರಚನೆಯನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಅದರಲ್ಲಿ 7 ಅಂಗುಲದ ಪರದೆ, 512 ಎಂಬಿ ರ‍್ಯಾಮ್, ಅಂದರೆ ಕೆಲಸ ನಡೆಯುತ್ತಿರುವಷ್ಟು ಹೊತ್ತು ಮಾಹಿತಿ ಹಿಡಿದಿಡುವ ತಾತ್ಕಾಲಿಕ ಸ್ಮೃತಿ, ಮತ್ತು ಕಡತಗಳನ್ನು ಕಾಯಂ ಆಗಿ ಉಳಿಸಲು 4 ಜಿಬಿ ಜಾಗ ಇದ್ದವು. ತಳದ ಚಿಕ್ಕ ಮುಚ್ಚಳವನ್ನು ಬಿಚ್ಚಿ ಹೆಚ್ಚಿನ ರ‍್ಯಾಮ್ ಹಾಕಿಕೊಳ್ಳಬಹುದಿತ್ತು. ಆದರೆ ಆ 4 ಜಿಬಿ ಚಿಪ್ಪುಗಳನ್ನು ಮುಖ್ಯ ಫಲಕಕ್ಕೇ ಬೆಸೆದಿದ್ದರಿಂದ ಅವನ್ನು ಬದಲಿಸುವಂತಿರಲಿಲ್ಲ, ಕಿರಿದಾದ ಕೀಲಿಮಣೆಯನ್ನಂತೂ ಹಿಗ್ಗಿಸುವಂತೆಯೇ ಇರಲಿಲ್ಲ. ಮುಂದೆ ಮೈಕ್ರೋಸಾಫ್ಟ್ ನೆಟ್‌ಬುಕ್‌ಗಳಿಗೆ ವಿಂಡೋಸ್ ಎಕ್ಸ್‌ಪಿಯನ್ನು ಅಗ್ಗವಾಗಿ ಕೊಡುವಾಗ ರ‍್ಯಾಮ್ 1 ಜಿಬಿ ಮೀರಬಾರದೆಂಬ ಷರತ್ತನ್ನೂ ಹಾಕಿತು. ಹೀಗೆ ತಂತ್ರಜ್ಞಾನದ ಮಿತಿಯ ಜೊತೆಗೆ, ದುಬಾರಿ ಲ್ಯಾಪ್‌ಟಾಪುಗಳ ಮಾರಾಟಕ್ಕೆ ಧಕ್ಕೆಯಾಗದಂತೆ ಕಾಪಾಡುವ ವ್ಯಾಪಾರದ ಲೆಕ್ಕವೂ ಅಗ್ಗದ ಯಂತ್ರವನ್ನು ಕುಗ್ಗಿಸಿತು. ಟ್ಯಾಬ್ಲೆಟ್‌ಗಳು ಬಂದ ಕೆಲವೇ ವರ್ಷಗಳಲ್ಲಿ ನೆಟ್‌ಬುಕ್ ಮರೆಯಾಯಿತು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ, ಸುಮಾರು 2,250 ರೂಪಾಯಿಯ ‘ಆಕಾಶ್’ ಟ್ಯಾಬ್ಲೆಟ್ ನಿಧಾನದ ಸಂಸ್ಕಾರಕ ಮತ್ತು ಒತ್ತಿದರೆ ಮಾತ್ರ ಸ್ಪಂದಿಸುವ ಪರದೆಯಿಂದಾಗಿ ನಿರೀಕ್ಷೆಯನ್ನು ಮುಟ್ಟಲಿಲ್ಲ.

ನೆಟ್‌ಬುಕ್ ಹೋದರೂ ಅದರ ಗುಣ ಉಳಿಯಿತು. 2014ರಲ್ಲಿ 200 ಡಾಲರ್ ಆಸುಪಾಸಿನ ಬೆಲೆಗೆ ಬಂದ ‘ಎಚ್‌ಪಿ ಸ್ಟ್ರೀಮ್’ ಬಗೆಯ ಲ್ಯಾಪ್‌ಟಾಪುಗಳಲ್ಲಿ 2 ಜಿಬಿ ರ‍್ಯಾಮ್ ಹಾಗೂ ಇಎಂಎಂಸಿ ಎಂಬ, ಮೊಬೈಲ್ ಫೋನುಗಳಲ್ಲಿ ಬಳಕೆಯಾಗುವ ಅಗ್ಗದ ಸಂಗ್ರಹ ಚಿಪ್ಪಿನಲ್ಲಿ 32 ಜಿಬಿ ಜಾಗ ಮಾತ್ರ ಇದ್ದು, ಎರಡನ್ನೂ ಫಲಕಕ್ಕೆ ಬೆಸೆಯಲಾಗಿತ್ತು. ವಿಂಡೋಸ್‌ನ ದೊಡ್ಡ ಪರಿಷ್ಕರಣೆಗಳು ಬಂದಾಗ ಅವುಗಳಿಗೇ ಅಷ್ಟು ಜಾಗ ಸಾಲದಾಯಿತು. 2011ರಿಂದ ಮಾರಾಟವಾಗುತ್ತಿರುವ ಕ್ರೋಮ್‌ಬುಕ್ ಬಹುತೇಕ ಕೆಲಸವನ್ನು ಅಂತರಜಾಲದ ಮೂಲಕವೇ ಮಾಡಿಸಿ ಬೆಲೆ ಇಳಿಸಿತಾದರೂ, ಸಂಪರ್ಕ ಸದಾ ದೊರೆಯದ ಊರುಗಳಲ್ಲಿ ಅದರ ಉಪಯೋಗ ಅಷ್ಟರಮಟ್ಟಿಗೆ ಕುಂದುತ್ತದೆ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಮಾರುಕಟ್ಟೆಯೂ ಬೆಳೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಂಥ ಕಡೆ, ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಮೊದಲಾದ ಲ್ಯಾಪ್‌ಟಾಪುಗಳು ರಿಪೇರಿಯಾಗಿ ಸೆಕೆಂಡ್ ಹ್ಯಾಂಡ್ ಮಾಲಾಗಿ ಮತ್ತೆ ಮಾರಾಟಕ್ಕೆ ಬರುತ್ತವೆ. ಇವನ್ನು ಮೂಲತಃ ಅಗ್ಗದ ಬೆಲೆಗೆಂದು ತಯಾರಿಸಿರಲಿಲ್ಲವಾದ್ದರಿಂದ ಕೀಲಿಮಣೆ, ಕೀಲು, ಹೊರಕವಚ ಎಲ್ಲವೂ ಗಟ್ಟಿಯಾಗಿದ್ದು, ಹಲವು ಮಾದರಿಗಳಲ್ಲಿ ತಳದ ತಿರುಪುಗಳನ್ನು ಬಿಚ್ಚಿದರೆ ರ‍್ಯಾಮ್ ಮತ್ತು ಡಿಸ್ಕ್‌ಗಳನ್ನು ಬದಲಿಸಬಹುದು. ಇಲ್ಲಿ ಬೆಲೆ ಇಳಿದಿರುವುದು ಸವೆದ ಬ್ಯಾಟರಿ, ಮುಗಿದ ವಾರಂಟಿ ಮತ್ತು ಹಳತಾದ ಸಂಸ್ಕಾರಕದಿಂದ; ಇವುಗಳಲ್ಲಿ ಬ್ಯಾಟರಿಯನ್ನು ಹೊಸದಾಗಿ ಹಾಕಿಸಬಹುದು, ಸಂಸ್ಕಾರಕವನ್ನು ಬಹುಪಾಲು ಬದಲಿಸಲಾಗದು. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ಈ ಕೊನೆಯ ಅಂಶ ಮತ್ತಷ್ಟು ಮುಖ್ಯವಾಗಿದೆ. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಸಂಸ್ಕಾರಕಗಳಲ್ಲಿ ಹೆಚ್ಚಿನವನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪದ ಕಾರಣ, ಅಂಥ ಯಂತ್ರ ಕೊಳ್ಳುವವರು ಲಿನಕ್ಸ್‌ಗೆ ಹೊಂದಿಕೊಳ್ಳಲು ಸಿದ್ಧರಿರಬೇಕಾಗುತ್ತದೆ.

ಸಿಂಪ್ಯೂಟರ್‌ನಿಂದ ಆಕಾಶ್‌ವರೆಗಿನ ಅನುಭವವು, ಬೆಲೆಯೊಂದನ್ನೇ ಮೊದಲು ನಿಗದಿಪಡಿಸಿ ಅದಕ್ಕೆ ತಕ್ಕಂತೆ ಯಂತ್ರವನ್ನು ಕತ್ತರಿಸುತ್ತ ಹೋದಾಗ ಕೊಳ್ಳುವವರ ನಿತ್ಯದ ಕೆಲಸಕ್ಕೇ ಕತ್ತರಿ ಬೀಳುವ ಅಪಾಯವಿದೆಯೆಂಬುದನ್ನು ತೋರಿಸುತ್ತದೆ. ಮಾಡೆಲ್ 100 ಬಾಳಿದ್ದು ಅದರಲ್ಲಿ ಎಲ್ಲವೂ ಇದ್ದುದರಿಂದಲ್ಲ, ಬಳಸುವವರ ಕೆಲಸಕ್ಕೆ ಬೇಕಾದದ್ದನ್ನು ಅದು ಬಿಟ್ಟಿರಲಿಲ್ಲವಾದ್ದರಿಂದ. ಆದ್ದರಿಂದ ಸೀಮಿತ ಹಣದಲ್ಲಿ ಮೊದಲ ಲ್ಯಾಪ್‌ಟಾಪ್ ಆರಿಸುವವರು ಪರದೆ, ಕೀಲಿಮಣೆ, ಸಂಸ್ಕಾರಕಗಳಂಥ ಮುಂದೆ ಬದಲಿಸಲಾಗದ ಭಾಗಗಳಿಗೆ ಈಗಲೇ ಹಣ ತೊಡಗಿಸಿ, ರ‍್ಯಾಮ್, ಡಿಸ್ಕ್, ಬ್ಯಾಟರಿಗಳಂಥವನ್ನು ಕೈಯಲ್ಲಿ ಹಣ ಕೂಡಿದಾಗ ಸುಧಾರಿಸಿಕೊಳ್ಳಲು ಅವಕಾಶವಿರುವ ಯಂತ್ರವನ್ನು ಹುಡುಕುವುದು ಜಾಣತನ. ಬೆಸೆದ ರ‍್ಯಾಮ್ ಇರುವ ಯಂತ್ರವನ್ನೇ ಕೊಳ್ಳುವುದಾದರೆ, ಮುಂದಿನ ನಾಲ್ಕೈದು ವರ್ಷಗಳಿಗೆ ಸಾಕಾಗುವಷ್ಟನ್ನು ಮೊದಲೇ ಪಡೆಯುವುದು ಅನಿವಾರ್ಯ.