ಕೆಂಪು ಹಾಸಿನ ಕೆಳಗಿನ ನೆಲ

ಜನವರಿ ಬಂದ್ರೆ ನನ್ನ ಫೋನ್ ತುಂಬಾ ಅದೇ ರೀಲ್ಸ್: ಕೆಂಪು ಹಾಸಿನ ಮೇಲೆ ಹಾಲಿವುಡ್ ತಾರೆಯರು, ಸುತ್ತ ಕ್ಯಾಮೆರಾಗಳು. ಅದು ಕ್ಯಾಲಿಫೋರ್ನಿಯಾದ ಮರುಭೂಮಿ ಊರು ಪಾಮ್ ಸ್ಪ್ರಿಂಗ್ಸ್‌ನ ಅಂತಾರಾಷ್ಟ್ರೀಯ ಚಿತ್ರೋತ್ಸವ. ಇವತ್ತು ಆ ಹಾಸಿನ ಕೆಳಗಿರೋ ನೆಲದ ಕಥೆ ಹೇಳ್ತೀನಿ.

ಉತ್ಸವ ಶುರುವಾಗಿದ್ದು 1990ರಲ್ಲಿ. ಅದನ್ನು ಹುಟ್ಟುಹಾಕಿದವರು ಗಾಯಕ ಸನ್ನಿ ಬೋನೊ. ಊರಲ್ಲಿ ರೆಸ್ಟೋರೆಂಟ್ ತೆರೆಯಲು ಹೋದ ಅವರು, ಬೋರ್ಡ್ ಹಾಕುವ ಪರ್ಮಿಷನ್‌ಗಾಗಿ ಅಲೆದು ಬೇಸತ್ತು, ಚುನಾವಣೆಗೆ ನಿಂತು 1988ರಲ್ಲಿ ಮೇಯರ್ ಆದರು. ಪ್ರವಾಸಿಗರನ್ನು ಸೆಳೆಯಲು ಚಿತ್ರೋತ್ಸವ ತಂದರು. ಆಸ್ಕರ್‌ಗೆ ಬೇರೆ ಬೇರೆ ದೇಶಗಳು ಕಳಿಸಿದ ಎಷ್ಟೋ ಸಿನಿಮಾಗಳನ್ನು ಇವತ್ತು ಅಲ್ಲಿ ಒಟ್ಟಿಗೆ ನೋಡಬಹುದು.

ಪ್ರಶಸ್ತಿ ಸಮಾರಂಭ ನಡೆಯೋದು ಕನ್ವೆನ್ಷನ್ ಸೆಂಟರ್‌ನಲ್ಲಿ. ಅದಿರೋದು ‘ಸೆಕ್ಷನ್ 14’ ಅನ್ನೋ ಒಂದು ಚದರ ಮೈಲಿ ಜಾಗದಲ್ಲಿ. ಇದು ಆಗ್ವಾ ಕಾಲಿಯೆಂಟೆ ಕಹುವಿಯಾ ಬುಡಕಟ್ಟಿನ ಭೂಮಿ. ಊರಿನ ಹೋಟೆಲ್, ಬಂಗಲೆಗಳಲ್ಲಿ ದುಡಿಯುತ್ತಿದ್ದ ಕಪ್ಪು ಮತ್ತು ಮೆಕ್ಸಿಕನ್ ಮೂಲದ ಕುಟುಂಬಗಳು ಇಲ್ಲೇ ನೆಲ ಬಾಡಿಗೆಗೆ ಪಡೆದು ಮನೆ ಕಟ್ಟಿಕೊಂಡಿದ್ದವು. ಯಾಕಂದ್ರೆ ಬೇರೆ ಬಡಾವಣೆಗಳಲ್ಲಿ ಅವರಿಗೆ ಮನೆ ಸಿಗ್ತಿರಲಿಲ್ಲ.

ನಾನು ಬಿಕಾಂ ಓದಿದವನು, ಲೆಕ್ಕ ಬೇಗ ಕಣ್ಣಿಗೆ ಬೀಳುತ್ತೆ. ಮೊದಲು ಈ ಭೂಮಿಯ ಲೀಸ್ ಕೆಲವೇ ವರ್ಷಗಳದ್ದು. ಅಂಥ ನೆಲದ ಮೇಲೆ ದೊಡ್ಡ ಹೋಟೆಲ್ ಕಟ್ಟೋಕೆ ಯಾರು ದುಡ್ಡು ಹಾಕ್ತಾರೆ? 1959ರಲ್ಲಿ ಕಾನೂನು ಬದಲಾಗಿ 99 ವರ್ಷದ ಲೀಸ್‌ಗೆ ದಾರಿಯಾಯಿತು. ನೆಲಕ್ಕೆ ಬೆಲೆ ಬಂತು, ಬಡವರ ಮನೆಗಳು ಅಡ್ಡಿಯಾದವು. ಭೂಮಾಲೀಕರಾದ ಬುಡಕಟ್ಟಿನವರಿಗೂ ಪೂರ್ತಿ ಹಿಡಿತವಿರಲಿಲ್ಲ. ಅನೇಕರ ಆಸ್ತಿ ಕೋರ್ಟ್ ನೇಮಿಸಿದ ಪಾಲಕರ ಕೈಯಲ್ಲಿತ್ತು.

1960ರ ದಶಕದಲ್ಲಿ ನಗರಾಡಳಿತವೇ ಮನೆಗಳನ್ನು ಕೆಡವಿಸಿತು. ಬೆಂಕಿ ಆರಿಸಬೇಕಾದ ಅಗ್ನಿಶಾಮಕ ದಳವೇ ಅವನ್ನು ಸುಟ್ಟಿತು. 1968ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ವರದಿ ನಗರವನ್ನು ಕಟುವಾಗಿ ಟೀಕಿಸಿತು. ನಗರಸಭೆ ಕ್ಷಮೆ ಕೇಳಿದ್ದು 2021ರಲ್ಲಿ. ಸಂತ್ರಸ್ತರಿಗೆ 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2024ರಲ್ಲಿ. ಅಷ್ಟರಲ್ಲಿ ಮನೆ ಕಳೆದುಕೊಂಡ ಎಷ್ಟೋ ಜನ ತೀರಿಹೋಗಿದ್ದರು.

ಉತ್ಸವ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಆ ಮನೆಗಳು ಸುಟ್ಟಾಗ ಉತ್ಸವ ಇನ್ನೂ ಹುಟ್ಟಿರಲಿಲ್ಲ. ಆದರೆ ನೆಲದ ಬೆಲೆ ಏರಿದರೆ ಅದನ್ನು ಲಾಭ ಅಂತ ಬರೆಯೋದು ನನಗೆ ಕಾಲೇಜಲ್ಲಿ ಕಲಿಸಿದ್ರು. ಅಲ್ಲಿದ್ದವರು ಎಲ್ಲಿಗೆ ಹೋದರು ಅಂತ ಬರೆಯೋಕೆ ಆ ಪುಸ್ತಕದಲ್ಲಿ ಕಾಲಮ್ ಇರಲಿಲ್ಲ.